ಡೆಸ್ಕ್‌ಟಾಪ್ ಬಂದ ಕೂಡಲೇ ಆಯಿತಾ?

"ಇದರಲ್ಲಿ ಲಿನಕ್ಸ್ ಆಗ್ತದಾ ಮಾರಾಯ್ರೆ?" ಕಾಸರಗೋಡು, ಕುಂಬಳೆ, ಬದಿಯಡ್ಕದ ಕಡೆ ಈ ಪ್ರಶ್ನೆ ಈಗ ಸಾಮಾನ್ಯವಾಗಿದೆ. ಲಿನಕ್ಸ್ ಎಂದರೆ ವಿಂಡೋಸಿನ ಬದಲು ಕಂಪ್ಯೂಟರನ್ನು ನಡೆಸುವ ಉಚಿತ ತಂತ್ರಾಂಶ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಬೇಕು. 6ನೇ, 7ನೇ ತಲೆಮಾರಿನ ಗಟ್ಟಿಮುಟ್ಟಾದ ಯಂತ್ರಗಳೆಲ್ಲ ಹೀಗೆ ಬಾಗಿಲ ಹೊರಗೆ ನಿಂತುಬಿಟ್ಟವು. ಇನ್ನೊಂದು ಕಾರಣ ನಮ್ಮ ಜಿಲ್ಲೆಗೆ ಒದಗಿಬಂದದ್ದು: ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯ ಲ್ಯಾಬಿನಲ್ಲಿ ಕೇರಳದ ಶಾಲಾ ತಂತ್ರಜ್ಞಾನ ಸಂಸ್ಥೆ ಕೈಟ್‌ನ ಗ್ನೂ ಲಿನಕ್ಸನ್ನೇ ಬಳಸಿ ಎಸ್ಸೆಸ್ಸೆಲ್ಸಿಯ ಐಟಿ ಪರೀಕ್ಷೆ ಬರೆಯುತ್ತಾರೆ. ಮನೆಗೆ ಬಂದರೆ ವಿಂಡೋಸ್. ಹಾಗಾಗಿ ಹಳೆಯ ಲ್ಯಾಪ್‌ಟಾಪ್ ಹಿಡಿದು ಅಂಗಡಿಗೆ ಹೋಗುವ ಅಪ್ಪ ಅಮ್ಮಂದಿರು ಬೇಕಷ್ಟು ಇದ್ದಾರೆ.

ಅಂಗಡಿಯ ಉತ್ತರ ಒಂದೇ: "ಆಗ್ತದೆ, ಯಾಕೆ ಆಗದೆ?" ಲಿನಕ್ಸ್ ತುಂಬಿಸಿದ ಪೆನ್‌ಡ್ರೈವ್ ಚುಚ್ಚುತ್ತಾರೆ, ಎರಡು ನಿಮಿಷದಲ್ಲಿ ಡೆಸ್ಕ್‌ಟಾಪ್ ಬರುತ್ತದೆ, "ನೋಡಿ, ಬಂತಲ್ಲ" ಎನ್ನುತ್ತಾರೆ. ಕಿರಿಕಿರಿಯಾಗುವುದು ಇಲ್ಲೇ. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಬಂದ 64 ಬಿಟ್‌ನ ಹೆಚ್ಚುಕಡಿಮೆ ಯಾವ ಲ್ಯಾಪ್‌ಟಾಪಿನಲ್ಲಾದರೂ ಡೆಸ್ಕ್‌ಟಾಪ್ ಬಂದೇ ಬರುತ್ತದೆ. ಬರದಿದ್ದರೆ ಅದು ಸುದ್ದಿ. ಕೈಕೊಡುವ ಭಾಗಗಳು ಬೇರೆಯೇ ಇವೆ, ಮತ್ತು ಅವು ಮೊದಲ ಎರಡು ನಿಮಿಷದಲ್ಲಿ ಬಾಯಿ ಬಿಡುವುದಿಲ್ಲ. ಜಗಲಿಗೆ ಹೋದರೆ ಸಿಗದ ವೈಫೈ, ಮುಚ್ಚಳ ಮುಚ್ಚಿದರೆ ಮತ್ತೆ ಏಳದ ಯಂತ್ರ, ಇನ್‌ಸ್ಟಾಲ್ ಮಾಡಲು ಹೊರಟಾಗ ಕಾಣೆಯಾಗುವ ಡಿಸ್ಕ್, ಆಫೀಸಿನ ಪ್ರಿಂಟರ್. ಪರೀಕ್ಷೆ ಎಂದರೆ ಇವನ್ನು ಹುಡುಕಿಕೊಂಡು ಹೋಗುವುದು. ಅರ್ಧ ದಿನ ಬೇಕು.

ಪೆನ್‌ಡ್ರೈವ್ ಚುಚ್ಚುವ ಮೊದಲು

ವಿಂಡೋಸ್ ಇನ್ನೂ ಜೀವಂತ ಇರುವಾಗಲೇ ಮಾಡಿಕೊಳ್ಳಬೇಕಾದ ಕೆಲಸಗಳಿವೆ. ರನ್ ಪೆಟ್ಟಿಗೆಯಲ್ಲಿ ಎಂಎಸ್‌ಇನ್ಫೋ32 ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಒಂದು ಪುಟ ತೆರೆಯುತ್ತದೆ. ಬಯಾಸ್ (ಯಂತ್ರ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಮೋಡ್ ಹೊಸ ಬಗೆಯ ಯುಇಎಫ್ಐ ಆಗಿದೆಯೋ ಹಳೆಯ ಲೆಗಸಿಯೋ, ಸಹಿ ಇಲ್ಲದ್ದನ್ನು ಬೂಟ್ ಆಗಲು ಬಿಡದ ಸೆಕ್ಯೂರ್ ಬೂಟ್ ಆನ್ ಇದೆಯೋ ಇಲ್ಲವೋ ಎಂದು ಅದರಲ್ಲೇ ಇರುತ್ತದೆ. ಪುಟದ ಫೋಟೋ ಒಂದು ಮೊಬೈಲಿನಲ್ಲಿ ಇರಲಿ.

ಆಮೇಲೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್. "ನಾನು ಅದನ್ನೆಲ್ಲ ಹಾಕಿಯೇ ಇಲ್ಲ" ಎನ್ನುವವರ ಯಂತ್ರದಲ್ಲೂ ಅದು ಇರಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಎಷ್ಟೋ ಹೊಸ ಲ್ಯಾಪ್‌ಟಾಪುಗಳಲ್ಲಿ ಇದೇ ಬೀಗ ಡಿವೈಸ್ ಎನ್‌ಕ್ರಿಪ್ಶನ್ ಎಂಬ ಹೆಸರಿನಲ್ಲಿ ತಾನಾಗಿ ಆನ್ ಆಗಿರುತ್ತದೆ. ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿ ಮತ್ತೆ ವಿಂಡೋಸ್ ತೆರೆದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಕೀ ಖಾತೆಯ ಪುಟದಲ್ಲಿ ಸಿಗುತ್ತದೆ, ಆದರೆ ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯ ಹುಡುಗ ಯಾವುದೋ ಇಮೇಲ್ ಹಾಕಿ ಖಾತೆ ತೆರೆದಿದ್ದರೆ ಅದೂ ಇಲ್ಲ. ಕೀ ಕೈಯಲ್ಲಿ ಇಲ್ಲದೆ ಬಯಾಸ್ ಮುಟ್ಟಲೇಬಾರದು. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಓಡಿಸುವ ಈ ಲೈವ್ ಪರೀಕ್ಷೆಯಲ್ಲಿ ನಿಜವಾಗಿ ಅಪಾಯ ಎನ್ನುವಂಥದ್ದು ಇದೊಂದೇ.

ಮೂರನೆಯದು ಫಾಸ್ಟ್ ಸ್ಟಾರ್ಟಪ್. ವಿಂಡೋಸಿನಲ್ಲಿ ಶಟ್‌ಡೌನ್ ಒತ್ತಿದರೆ ಅದು ಪೂರ್ತಿ ಮುಚ್ಚುವುದಿಲ್ಲ, ಅರ್ಧ ನಿದ್ದೆಗೆ ಹೋಗುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸ್ ತೆರೆದರೆ ಸಿ ಡ್ರೈವ್ ಓದಲಷ್ಟೇ ಸಿಗುತ್ತದೆ, ಬರೆಯಲು ಬಿಡುವುದಿಲ್ಲ. ಕೆಲವು ವೈಫೈ ಕಾರ್ಡುಗಳೂ ಹಳೆಯ ಸ್ಥಿತಿಯಲ್ಲೇ ಸಿಕ್ಕಿಕೊಂಡಿದ್ದು ಏಳುವುದಿಲ್ಲ. ಶಿಫ್ಟ್ ಹಿಡಿದುಕೊಂಡು ಶಟ್‌ಡೌನ್ ಒತ್ತಿದರೆ ಸರಿಯಾಗಿ ಮುಚ್ಚಿಕೊಳ್ಳುತ್ತದೆ. ರೀಸ್ಟಾರ್ಟ್ ಒತ್ತಿದರೂ ಆಯಿತು, ಅದರಲ್ಲಿ ಫಾಸ್ಟ್ ಸ್ಟಾರ್ಟಪ್ ಬರುವುದಿಲ್ಲ.

ಲಿನಕ್ಸಿನ ಇಡೀ ಕಟ್ಟಾದ ಐಎಸ್ಒ ಫೈಲ್ ಇಳಿಸುವುದು ಮಳೆಗಾಲದಲ್ಲಿ ಒಂದು ಕೆಲಸವೇ. ಲಿನಕ್ಸ್ ಹಲವು ಹೆಸರುಗಳಲ್ಲಿ ಬರುತ್ತದೆ: ಮಿಂಟ್ 3 ಜಿಬಿಯ ಆಸುಪಾಸು, ಉಬುಂಟು 24.04 ಅದರ ಸುಮಾರು ಎರಡು ಪಟ್ಟು. ಪೆರ್ಲ, ಮುಳ್ಳೇರಿಯದ ಒಳಭಾಗಗಳಲ್ಲಿ ಗಾಳಿಗೆ ಕೇಬಲ್ ತುಂಡಾಗಿ ಡೌನ್‌ಲೋಡ್ ನಡುವೆ ನಿಂತರೆ, ಅರೆಬರೆ ಫೈಲೂ ಪೆನ್‌ಡ್ರೈವಿಗೆ ಏರುತ್ತದೆ. ಬೂಟೂ ಆಗುತ್ತದೆ. ಆಮೇಲೆ ಎಲ್ಲೋ ಸ್ಕ್ವಾಷ್ಎಫ್ಎಸ್ ದೋಷ ಎಂದು ಬರೆದುಕೊಂಡು ನಿಲ್ಲುತ್ತದೆ, ಜನ ಲ್ಯಾಪ್‌ಟಾಪನ್ನು ಬಯ್ಯುತ್ತಾರೆ. ಟೊರೆಂಟಿನಲ್ಲಿ ಇಳಿಸಿದರೆ ನಿಂತಲ್ಲಿಂದ ಮುಂದುವರಿಯುತ್ತದೆ, ತುಂಡು ತುಂಡಾಗಿ ತಪಾಸಣೆಯೂ ಆಗುತ್ತದೆ. ನೇರ ಇಳಿಸಿದ್ದಾದರೆ ಫೈಲಿನ ಬೆರಳಚ್ಚಿನಂಥ ಶಾ256 ಮೊತ್ತವನ್ನು ಮೂಲ ಪುಟದ ಮೊತ್ತಕ್ಕೆ ತಾಳೆ ನೋಡದೆ ಮುಂದೆ ಹೋಗಬೇಡಿ.

ಪೆನ್‌ಡ್ರೈವಿಗೆ ಬರೆಯಲು ರೂಫಸ್ ಆಗಬಹುದು, ಎಚರ್ ಆಗಬಹುದು. ಪದೇ ಪದೇ ಪರೀಕ್ಷೆ ಮಾಡುವವರಿಗೆ ವೆಂಟಾಯ್ ಒಳ್ಳೆಯದು. ಒಮ್ಮೆ ಪೆನ್‌ಡ್ರೈವಿಗೆ ಅದನ್ನು ಹಾಕಿದರೆ ಆಮೇಲೆ ಐಎಸ್ಒ ಫೈಲುಗಳನ್ನು ಸುಮ್ಮನೆ ಕಾಪಿ ಮಾಡುವುದಷ್ಟೇ. 32 ಜಿಬಿಯದರಲ್ಲಿ ಕೈಟ್, ಮಿಂಟ್, ಡೆಬಿಯನ್ ಮೂರೂ ಕುಳಿತುಕೊಳ್ಳುತ್ತವೆ. ಮೂರು ಯಾಕೆ ಎಂಬುದು ಮುಂದೆ ಬರುತ್ತದೆ.

ಬೂಟ್ ಆಗುವಾಗ

ಯಾವುದರಿಂದ ಏಳಬೇಕು ಎಂದು ಕೇಳುವ ಬೂಟ್ ಮೆನುವಿನ ಕೀಲಿ ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಎಫ್9, ಏಸಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಎಷ್ಟೋ ಮಾದರಿಗಳಲ್ಲಿ ಮೊದಲು ಎಫ್2 ಒತ್ತಿ ಬಯಾಸಿಗೆ ಹೋಗಿ ಎಫ್12 ಬೂಟ್ ಮೆನು ಎಂಬುದನ್ನು ಎನೇಬಲ್ ಮಾಡಬೇಕು. ಕೆಲವು ಲೆನೊವೊಗಳಲ್ಲಿ ಪಕ್ಕದಲ್ಲೊಂದು ಸಣ್ಣ ತೂತು ಇರುತ್ತದೆ. ಯಂತ್ರ ಆಫ್ ಇದ್ದಾಗ ಸಿಮ್ ಪಿನ್ನಿನಿಂದ ಅದನ್ನು ಒತ್ತಿದರೆ ಮೆನು ಬರುತ್ತದೆ.

ಸೆಕ್ಯೂರ್ ಬೂಟ್ ಆಫ್ ಮಾಡಲೇಬೇಕು ಎಂಬ ಮಾತು ಹಳೆಯದಾಯಿತು. ಉಬುಂಟು, ಮಿಂಟ್, ಡೆಬಿಯನ್, ಫೆಡೋರಾ ಎಲ್ಲದರ ಬೂಟ್‌ಲೋಡರಿಗೂ, ಅಂದರೆ ವ್ಯವಸ್ಥೆಯನ್ನು ಎಬ್ಬಿಸುವ ಪ್ರೋಗ್ರಾಮಿಗೂ, ಸಹಿ ಇದೆ, ಅದು ಆನ್ ಇದ್ದರೂ ಬರುತ್ತವೆ. ವೆಂಟಾಯ್ ಆದರೆ ಮೊದಲ ಸಲ ನೀಲಿ ಪರದೆ ಬಂದು ಕೀ ನೋಂದಾಯಿಸಲು ಹೇಳುತ್ತದೆ. ಎನ್‌ರೋಲ್ ಕೀ ಫ್ರಮ್ ಡಿಸ್ಕ್ ಆರಿಸಿ, ವೆಂಟಾಯ್ ವಿಭಾಗದಲ್ಲಿರುವ ಸರ್ಟಿಫಿಕೇಟ್ ಫೈಲ್ ತೋರಿಸಿ, ರೀಬೂಟ್ ಮಾಡಿ. ಒಂದು ಯಂತ್ರಕ್ಕೆ ಒಂದು ಸಲ ಸಾಕು.

ಬೂಟ್ ಆಗುವಾಗ ಕಪ್ಪು ಪರದೆಯಲ್ಲಿ ಎಸಿಪಿಐ ಬಯಾಸ್ ಎರರ್ ಎಂದು ನಾಲ್ಕೈದು ಸಾಲು ಓಡಿದರೆ ಹೆದರಬೇಕಾಗಿಲ್ಲ. ಲ್ಯಾಪ್‌ಟಾಪ್ ತಯಾರಕರು ಬಯಾಸ್ ಕೋಷ್ಟಕಗಳನ್ನು ಅಡ್ಡಾದಿಡ್ಡಿ ಬರೆದಿರುತ್ತಾರೆ, ಲಿನಕ್ಸಿನ ತಿರುಳಾದ ಕರ್ನಲ್ ಅದನ್ನು ಎತ್ತಿ ಹೇಳುತ್ತದೆ ಅಷ್ಟೆ. ಪರದೆ ಕಪ್ಪಾಗಿಯೇ ಉಳಿದು ಫ್ಯಾನ್ ಮಾತ್ರ ತಿರುಗುತ್ತಿದ್ದರೆ ವಿಷಯ ಬೇರೆ. ಎನ್ವಿಡಿಯಾ ಕಾರ್ಡ್ ಇರುವ ಯಂತ್ರಗಳಲ್ಲಿ ಇದು ಹೆಚ್ಚು. ಪೆನ್‌ಡ್ರೈವಿನಿಂದ ಮೂಡುವ ಲಿನಕ್ಸಿನ ಮೆನುವಿನಲ್ಲಿ ಇ ಒತ್ತಿ, ಲಿನಕ್ಸ್ ಎಂದು ಆರಂಭವಾಗುವ ಸಾಲಿನ ಕೊನೆಗೆ ನೋಮೋಡ್‌ಸೆಟ್ ಎಂದು ಸೇರಿಸಿ ಎಫ್10 ಒತ್ತಿದರೆ ಡೆಸ್ಕ್‌ಟಾಪ್ ಬರುತ್ತದೆ. ಆದರೆ ಹಾಗೆ ಬಂದದ್ದರಲ್ಲಿ ಬೆಳಕು ಹೊಂದಿಸುವ ಕೀಲಿ ಕೆಲಸ ಮಾಡದೆ ಇರಬಹುದು, ಮುಚ್ಚಳ ಮುಚ್ಚಿ ನೋಡುವ ನಿದ್ದೆಯ ಪರೀಕ್ಷೆಗೆ ಅರ್ಥವೇ ಇಲ್ಲ. ಅದು ಒಳಗೆ ಹೋಗುವ ಹಿಂಬಾಗಿಲು ಮಾತ್ರ, ಪಾಸಾದ ಲೆಕ್ಕ ಅಲ್ಲ.

ವೇಗದ ಬಗ್ಗೆ ಒಂದು ಮಾತು. ಲೈವ್ ಆಗಿ ಓಡುವಾಗ ಪ್ರತಿಯೊಂದು ಪ್ರೋಗ್ರಾಮೂ ಪೆನ್‌ಡ್ರೈವಿನಿಂದ ಬರಬೇಕು, ಬರೆದದ್ದೆಲ್ಲ ರ‍್ಯಾಮಿನಲ್ಲಿ ಕೂರುತ್ತದೆ. 4 ಜಿಬಿ ರ‍್ಯಾಮಿನ ಯಂತ್ರದಲ್ಲಿ ಫೈರ್‌ಫಾಕ್ಸಿನ ಆರೇಳು ಟ್ಯಾಬ್ ತೆರೆದು "ಇದು ಭಾರೀ ಸ್ಲೋ" ಎಂದು ತೀರ್ಪು ಕೊಡುವುದು ಅನ್ಯಾಯ. 8 ಜಿಬಿ ಇದ್ದರೆ ಅದೇ ಲಿನಕ್ಸ್ ಸಾಲಿಗೆ ಟುರ‍್ಯಾಮ್ ಎಂಬ ಪದ ಸೇರಿಸಿ. ಇಡೀ ಮಿಂಟ್ ರ‍್ಯಾಮಿಗೆ ಏರುತ್ತದೆ, ಆಮೇಲೆ ಪೆನ್‌ಡ್ರೈವ್ ಕಿತ್ತುಬಿಡಬಹುದು. ಬೂಟ್ ಆಗಲು ತುಸು ಹೆಚ್ಚು ಹೊತ್ತು ಹಿಡಿಯುತ್ತದೆ, ಆದರೆ ಆಮೇಲೆ ಕಾಣುವ ವೇಗ ನಿಜಕ್ಕೆ ಹತ್ತಿರದ್ದು.

ಚಾವಡಿಯಲ್ಲಿ ಉಂಟು, ಜಗಲಿಯಲ್ಲಿ ಇಲ್ಲ

ನೀರ್ಚಾಲು ಕಡೆಯ ಒಬ್ಬರು ಟೀಚರ ಮನೆ. ರೂಟರ್ ಚಾವಡಿಯ ಗೋಡೆಗೆ, ಟೀಚರು ಕೂತು ಉತ್ತರ ಪತ್ರಿಕೆ ನೋಡುವುದು ಜಗಲಿಯಲ್ಲಿ. ನಡುವೆ ಒಂದು ಮಣ್ಣಿನ ದಪ್ಪ ಗೋಡೆ. ಲೈವ್ ಮಿಂಟ್‌ನಲ್ಲಿ ಚಾವಡಿಯಲ್ಲಿ ವೈಫೈ ಚೆನ್ನಾಗಿಯೇ ಸಿಕ್ಕಿತು, ಯೂಟ್ಯೂಬೂ ಓಡಿತು. "ಇದು ಸಾಕು ಮಾಷ್ಟ್ರೇ" ಎಂದರು. ಜಗಲಿಗೆ ತಂದರೆ ಪಟ್ಟಿಯಲ್ಲಿ ಮನೆಯ ವೈಫೈ ಹೆಸರೇ ಇಲ್ಲ. ಅದೇ ಜಾಗದಲ್ಲಿ ಅವರ ಮೊಬೈಲಿನಲ್ಲಿ ಮೂರು ಗೆರೆ.

ಟರ್ಮಿನಲ್ ತೆರೆದು ಎಲ್‌ಎಸ್‌ಪಿಸಿಐ ಆಜ್ಞೆಯನ್ನು ಎನ್‌ಎನ್‌ಕೆ ಆಯ್ಕೆಯೊಂದಿಗೆ ಕೊಟ್ಟರೆ ನೆಟ್‌ವರ್ಕ್ ಕಂಟ್ರೋಲರ್ ಎಂಬ ಸಾಲಿನಲ್ಲಿ ರಿಯಲ್‌ಟೆಕ್ ಆರ್‌ಟಿಎಲ್8723ಬಿಇ ಎಂದಿತ್ತು, ಅದರ ಕೆಳಗೆ ಕಾರ್ಡನ್ನು ನಡೆಸುವ ತಂತ್ರಾಂಶದ, ಅಂದರೆ ಡ್ರೈವರಿನ ಹೆಸರು. ಈ ಚಿಪ್ಪಿನ ಕಥೆ ಬಲ್ಲವರಿಗೆ ಅಷ್ಟೇ ಸಾಕು. ಕಾರ್ಡಿನಲ್ಲಿ ಆಂಟೆನಾದ ಕೊಂಡಿ ಎರಡು, ತಯಾರಕರು ತಂತಿ ಸಿಕ್ಕಿಸಿರುವುದು ಒಂದಕ್ಕೇ. ಯಾವುದಕ್ಕೆ ಎಂಬುದು ಡ್ರೈವರಿಗೆ ತಪ್ಪಾಗಿ ತಿಳಿದರೆ ಅದು ತಂತಿಯೇ ಇಲ್ಲದ ಕೊಂಡಿಯಿಂದ ಕೇಳಿಸಿಕೊಳ್ಳುತ್ತಾ ಕೂರುತ್ತದೆ. ರೂಟರಿನ ಬುಡದಲ್ಲಿ ಹೇಗೋ ಕೇಳುತ್ತದೆ, ಗೋಡೆ ದಾಟಿದರೆ ಇಲ್ಲ. ಮಾಡ್‌ಪ್ರೋಬ್ ಆಜ್ಞೆಯಿಂದ ಡ್ರೈವರನ್ನು ತೆಗೆದು, ಆಂಟ್‌ಸೆಲ್ ಬೆಲೆ 2 ಎಂದು ಕೊಟ್ಟು ಮತ್ತೆ ಹಾಕಿದ್ದೇ ತಡ, ಜಗಲಿಯಲ್ಲೂ ಹೆಸರು ಮೂಡಿತು. ಕೆಲವು ಯಂತ್ರಗಳಿಗೆ 1 ಬೇಕಾಗುತ್ತದೆ, ಎರಡನ್ನೂ ಹಾಕಿ ನೋಡುವುದೇ ದಾರಿ. ಇನ್‌ಸ್ಟಾಲ್ ಆದ ಮೇಲೆ ಅದೇ ಆಂಟ್‌ಸೆಲ್ ಬೆಲೆಯನ್ನು ಇಟಿಸಿಯೊಳಗಿನ ಮಾಡ್‌ಪ್ರೋಬ್ ಡಿ ಕಡತಕೋಶದಲ್ಲಿ ಬರೆದಿಟ್ಟರೆ ಶಾಶ್ವತ.

ಹಾಗಾಗಿ ವೈಫೈ ಪರೀಕ್ಷೆ ರೂಟರಿನ ಪಕ್ಕದಲ್ಲಿ ಬೇಡ. ನಿಜವಾಗಿ ಕೂರುವ ಜಾಗದಲ್ಲಿ ಕೂತು ಮಾಡಿ.

ಇನ್ನು ಮೂರು ಐಎಸ್ಒ ಯಾಕೆ ಎಂಬುದು. ಹೆಚ್ಚಿನ ವೈಫೈ ಡ್ರೈವರುಗಳು ಕರ್ನಲಿನ ಜೊತೆಗೇ ಬರುತ್ತವೆ. ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಧಾರಾಳವಾಗಿರುವ ಆರ್‌ಟಿಎಲ್8821ಸಿಇ ಚಿಪ್ಪಿಗೆ ಕರ್ನಲ್ 5.9ರಿಂದ ಡ್ರೈವರ್ ಇದೆ, ಅದರ ನಂತರದ ಆರ್‌ಟಿಎಲ್8852ಬಿಇಗೆ 6.2ರಿಂದ. ಮೀಡಿಯಾಟೆಕ್ ಎಂಟಿ7921ಕ್ಕೆ 5.12 ಸಾಕು. ಡೆಬಿಯನ್ 12ರಲ್ಲಿ ಇರುವುದು 6.1. ಉಬುಂಟು 24.04, ಮಿಂಟ್ 22ರಲ್ಲಿ 6.8. ಡೆಬಿಯನ್ 13ರಲ್ಲಿ 6.12. ಅಂದರೆ 8852ಬಿಇ ಇರುವ ಲ್ಯಾಪ್‌ಟಾಪಿಗೆ ಡೆಬಿಯನ್ 12 ಹಾಕಿ ನೋಡಿದವರು "ಇದರಲ್ಲಿ ಲಿನಕ್ಸ್ ಆಗುವುದಿಲ್ಲ" ಎಂದೂ, ಮಿಂಟ್ 22 ಹಾಕಿದವರು "ಎಲ್ಲ ಸರಿ ಉಂಟು" ಎಂದೂ ಹೇಳುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಫಲಿತಾಂಶ ಲ್ಯಾಪ್‌ಟಾಪಿನದ್ದು ಮಾತ್ರ ಅಲ್ಲ, ಲ್ಯಾಪ್‌ಟಾಪ್ ಮತ್ತು ಕರ್ನಲಿನ ಜೋಡಿಯದ್ದು. ಶಾಲೆಗಳ ಕೈಟ್ ಗ್ನೂ ಲಿನಕ್ಸ್ 22.04 ಉಬುಂಟು 22.04ರ ಮೇಲೆ ಕಟ್ಟಿದ್ದು. ಮಗುವಿನ ಪಾಠಕ್ಕೆ ಶಾಲೆಯಲ್ಲಿರುವುದೇ ಮನೆಯಲ್ಲೂ ಬೇಕೆಂದರೆ ಪರೀಕ್ಷೆಯನ್ನೂ ಅದರಲ್ಲೇ ಮಾಡಬೇಕು. ಹೊಸ ಲ್ಯಾಪ್‌ಟಾಪಿನಲ್ಲಿ ಅದು ತೊಡಕಾದರೆ ಮಿಂಟ್ ಹಾಕಿ ನೋಡಿ. ಇಂಕ್‌ಸ್ಕೇಪ್, ಜಿಂಪ್, ಕ್ಯೂಜಿಐಎಸ್, ಲಿಬ್ರೆ ಆಫೀಸ್ ಅದರಲ್ಲೂ ಸಿಗುತ್ತವೆ.

ಬ್ರಾಡ್‌ಕಾಮ್ ಬಿಸಿಎಂ43142 ಇರುವ ಹಳೆಯ ಯಂತ್ರಗಳದ್ದು ಬೇರೆ ಪಾಡು. ಅದರ ಡ್ರೈವರ್ ಮುಕ್ತ ತಂತ್ರಾಂಶ ಅಲ್ಲ, ಹೆಚ್ಚಾಗಿ ಬೇರೆಯಾಗಿ ಇಳಿಸಬೇಕು. ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ವೈಫೈ ಬೇಕು. ಮೊಬೈಲನ್ನು ಕೇಬಲಿನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಈ ಗಂಟು ಬಿಡುತ್ತದೆ. ಲೈವ್‌ನಲ್ಲಿ ಅದಕ್ಕೆ ಯಾವ ಡ್ರೈವರೂ ಹಾಕಬೇಕಾಗಿಲ್ಲ.

ಮುಚ್ಚಳ ಮುಚ್ಚಿ ನೋಡಿ

ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗಿ ಬರುವುದಕ್ಕೆ ಲೆಕ್ಕವಿಲ್ಲ. ಲ್ಯಾಪ್‌ಟಾಪಿನ ನಿದ್ದೆ ಸರಿ ಇಲ್ಲದಿದ್ದರೆ ಚೀಲದೊಳಗೇ ಬಿಸಿಯಾಗಿ ಬ್ಯಾಟರಿ ಖಾಲಿ ಮಾಡಿಕೊಂಡು ಬಿದ್ದಿರುತ್ತದೆ. ಅಂಗಡಿಯಲ್ಲಿ ಯಾರೂ ಇದನ್ನು ಪರೀಕ್ಷಿಸುವುದಿಲ್ಲ, ಯಾಕೆಂದರೆ ಒಂದು ಗಂಟೆ ಕಾಯಬೇಕು.

ಚಾರ್ಜರ್ ತೆಗೆದು ಬ್ಯಾಟರಿ ಎಷ್ಟಿದೆ ಎಂದು ಬರೆದುಕೊಳ್ಳಿ. ಮುಚ್ಚಳ ಮುಚ್ಚಿ, ಒಂದು ಗಂಟೆ ಬಿಟ್ಟು ತೆರೆಯಿರಿ. ಏಳಬೇಕು, ವೈಫೈ ತಾನಾಗಿ ಸೇರಿಕೊಳ್ಳಬೇಕು, ಟಚ್‌ಪ್ಯಾಡ್ ಓಡಬೇಕು, ಸದ್ದು ಬರಬೇಕು. ಎದ್ದ ಮೇಲೆ ಟಚ್‌ಪ್ಯಾಡ್ ಮಾತ್ರ ಸತ್ತಿರುವುದು ನೋಡಿದಷ್ಟೂ ಮುಗಿಯದ ಕಾಯಿಲೆ. ಬ್ಯಾಟರಿ ಗಂಟೆಗೆ 1 ರಿಂದ 2 ಶೇಕಡಾ ಇಳಿದಿದ್ದರೆ ಚಿಂತೆ ಬೇಡ, 5 ದಾಟಿದರೆ ಅದು ಮಲಗಿಯೇ ಇಲ್ಲ. ಸಿಸ್ ಕಡತಕೋಶದ ಪವರ್ ವಿಭಾಗದಲ್ಲಿ ಮೆಮ್ ಸ್ಲೀಪ್ ಎಂಬ ಫೈಲ್ ಇದೆ. ತೆರೆದರೆ ಎಸ್2ಐಡಲ್ (ತೆಳು ನಿದ್ದೆ), ಡೀಪ್ (ಗಾಢ ನಿದ್ದೆ) ಎಂಬ ಎರಡು ಪದಗಳಲ್ಲಿ ಒಂದಕ್ಕೆ ಚೌಕದ ಆವರಣ ಹಾಕಿರುತ್ತದೆ. ಈಗ ಬಳಕೆಯಲ್ಲಿರುವ ನಿದ್ದೆ ಅದು. ಡೀಪ್ ಇದ್ದೂ ಬಳಕೆಯಲ್ಲಿ ಇಲ್ಲದಿದ್ದರೆ ಬದಲಾಯಿಸಿ ಮತ್ತೊಮ್ಮೆ ನೋಡಬಹುದು. ಹೊಸ ಯಂತ್ರಗಳಲ್ಲಿ ಎಸ್2ಐಡಲ್ ಒಂದೇ ಇರುವುದು ಸಾಮಾನ್ಯ, ಆಗ ಆಯ್ಕೆಯಿಲ್ಲ. ಪೆನ್‌ಡ್ರೈವಿನಿಂದಲೇ ಓಡುತ್ತಿದ್ದು ಏಳದಿದ್ದರೆ ಕೂಡಲೇ ಯಂತ್ರದ ಮೇಲೆ ತಪ್ಪು ಹೊರಿಸಬೇಡಿ. ಎದ್ದ ಹೊತ್ತಿಗೆ ಪೆನ್‌ಡ್ರೈವ್ ಕಣ್ಣು ತೆರೆಯಲು ತಡಮಾಡಿದರೂ ಹೀಗಾಗುತ್ತದೆ. ಟುರ‍್ಯಾಮ್ ಹಾಕಿ ಇನ್ನೊಮ್ಮೆ ನೋಡಿದರೆ ಸಂಶಯ ಪರಿಹಾರ.

ಬ್ಯಾಟರಿ ಎಷ್ಟು ಸವೆದಿದೆ ಎಂದು ಪವರ್ ಸ್ಟ್ಯಾಟಿಸ್ಟಿಕ್ಸ್ ತೋರಿಸುತ್ತದೆ, ಎಸ್‌ಎಸ್‌ಡಿಯ ಆರೋಗ್ಯವನ್ನು ಡಿಸ್ಕ್ಸ್ ಎಂಬ ಪ್ರೋಗ್ರಾಮಿನ ಸ್ಮಾರ್ಟ್ ಪುಟ. ಮಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತರುವವರು ಹಣ ಕೊಡುವ ಮೊದಲೇ ಇವೆರಡನ್ನೂ ನೋಡಬಹುದು. ಸದ್ದಿನ ಸೆಟ್ಟಿಂಗ್ಸಿನಲ್ಲಿ ಡಮ್ಮಿ ಔಟ್‌ಪುಟ್ ಎಂದಿದ್ದರೆ ಹೆಚ್ಚಾಗಿ ಸದ್ದಿನ ಚಿಪ್ಪಿಗೆ ಬೇಕಾದ ಒಳ ತಂತ್ರಾಂಶದ (ಫರ್ಮ್‌ವೇರ್) ಕೊರತೆ. ಸ್ಪೀಕರ್ ಬಂತೆಂದು ಮೈಕ್ ಬಿಡಬೇಡಿ, ಒಂದು ವಾಕ್ಯ ರೆಕಾರ್ಡ್ ಮಾಡಿ ಕೇಳಿ. ಬೆರಳಚ್ಚಿನ ರೀಡರ್ ಕೆಲಸ ಮಾಡಿದರೆ ಅದೃಷ್ಟ. ಮಾಡದಿದ್ದರೆ ಪಾಸ್‌ವರ್ಡ್ ಉಂಟಲ್ಲ.

ಕನ್ನಡ, ಮಲಯಾಳ, ಪ್ರಿಂಟರ್

ನಮ್ಮಲ್ಲಿ ಕನ್ನಡ ಒಂದು ಕಡತದಲ್ಲಿ, ಮಲಯಾಳ ಇನ್ನೊಂದರಲ್ಲಿ, ಇಂಗ್ಲಿಷ್ ಎಲ್ಲದರಲ್ಲೂ. ಲೈವ್‌ನಲ್ಲೇ ಮೂರನ್ನೂ ಟೈಪ್ ಮಾಡಿ ನೋಡುವುದು ಒಳ್ಳೆಯದು. ಅಕ್ಷರರೂಪಗಳಿಗೆ ಬರವಿಲ್ಲ: ಕನ್ನಡಕ್ಕೆ ಲೋಹಿತ್, ಗುಬ್ಬಿ, ನವಿಲು, ನೋಟೋ ಇವೆ, ಮಲಯಾಳಕ್ಕೆ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದ ಮೀರ, ರಚನ, ಮಂಜರಿ. ತೊಡಕು ಕೀಲಿಮಣೆಯಲ್ಲಿ. ಸೆಟ್ಟಿಂಗ್ಸಿನಲ್ಲಿ ನೇರವಾಗಿ ಸಿಗುವ ಕಗಪ ವಿನ್ಯಾಸ ಹಿಂದಿನ ಅಕ್ಷರ ಯಾವುದೆಂದು ನೋಡುವುದಿಲ್ಲ, ಸ್ವರಕ್ಕೂ ಸ್ವರಚಿಹ್ನೆಗೂ ಬೇರೆ ಬೇರೆಯಾಗಿ ಒತ್ತಬೇಕು. ನುಡಿಯಲ್ಲಿ ಕೈ ಪಳಗಿದವರಿಗೆ ಇದು ಕಿರಿಕಿರಿ. ಅವರು ಟೈಪಿಂಗ್ ತಂತ್ರಾಂಶ ಐಬಸ್‌ನ ಎಂ17ಎನ್ ಕಟ್ಟನ್ನು ಹಾಕಿಕೊಂಡು ಅದರಲ್ಲಿರುವ ಕೆಜಿಪಿಯನ್ನು ಆರಿಸಿದರೆ ಬೆರಳಿನ ಅಭ್ಯಾಸ ಉಳಿಯುತ್ತದೆ. ಲಿಬ್ರೆ ಆಫೀಸಿನಲ್ಲಿ ಕನ್ನಡದ ಅಕ್ಷರರೂಪ ಬದಲಾಗುತ್ತಿಲ್ಲ ಎಂಬ ದೂರಿಗೆ ಕಾರಣ, ಅದು ಕನ್ನಡಕ್ಕೆ ಸಿಟಿಎಲ್ ಎಂಬ ಬೇರೆಯೇ ಫಾಂಟ್ ಪಟ್ಟಿ ಇಟ್ಟುಕೊಂಡಿರುವುದು. ಭಾಷೆಯ ಸೆಟ್ಟಿಂಗ್ಸಿನಲ್ಲಿ ಅದನ್ನು ಆನ್ ಮಾಡಬೇಕು. ಯುನಿಕೋಡ್ ಬರುವ ಮೊದಲಿನ ನುಡಿ, ಬರಹದ ಫೈಲುಗಳು ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಆ ಹಳೆಯ ಫಾಂಟ್ ಫೈಲನ್ನೇ ವಿಂಡೋಸಿನಿಂದ ತಂದು ಹಾಕಿದರೆ ಓದಲು ಬರುತ್ತದೆ.

ಪ್ರಿಂಟರಿನ ಪರೀಕ್ಷೆ ತಪ್ಪಿಸಬೇಡಿ. ಸೊಸೈಟಿ, ಶಾಲೆ, ವಕೀಲರ ಕೋಣೆ ಎಲ್ಲಿ ಹೋದರೂ ಕಾಣುವುದು ಎರಡು. ಎಚ್‌ಪಿ ಲೇಸರ್‌ಜೆಟ್ 1020ಕ್ಕೆ ಸ್ವಂತ ಫರ್ಮ್‌ವೇರ್ ನೆನಪಿಲ್ಲ, ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರ್ ಅದನ್ನು ಕಳುಹಿಸಬೇಕು. ಎಚ್‌ಪಿಯ ಲಿನಕ್ಸ್ ಡ್ರೈವರ್ ಎಚ್‌ಪಿಲಿಪ್ ಜೊತೆಗೆ ಅದರ ಪ್ಲಗಿನ್ನನ್ನೂ ಇಳಿಸಿಕೊಂಡರೆ ಸರಿಯಾಗುತ್ತದೆ. ಕ್ಯಾನನ್ ಎಲ್‌ಬಿಪಿ2900 ಹಟಮಾರಿ. ಅದು ಮಾತನಾಡುವುದು ಕ್ಯಾಪ್ಟ್ ಎಂಬ ತನ್ನದೇ ಭಾಷೆಯಲ್ಲಿ. ಕ್ಯಾನನ್ನಿನ ಲಿನಕ್ಸ್ ಡ್ರೈವರ್ ಹಳೆಯದು, 32 ಬಿಟ್‌ನ ಲೈಬ್ರರಿಗಳನ್ನು ಕೇಳುತ್ತದೆ. ಹವ್ಯಾಸಿಗಳು ಬರೆದ ಇನ್ನೊಂದು ಡ್ರೈವರೂ ಇದೆ. ಎರಡರಲ್ಲೊಂದು ನಿಮ್ಮ ಕಣ್ಣೆದುರೇ ಹತ್ತು ಪುಟ ಮುದ್ರಿಸದೆ ಆಫೀಸಿನ ವಿಂಡೋಸ್ ಅಳಿಸಬೇಡಿ. ಟ್ಯಾಲಿ ಬಳಸುವ ಕಡೆಯಂತೂ ವಿಂಡೋಸ್ ಉಳಿಯಲೇಬೇಕು, ಲಿನಕ್ಸಿಗೆ ಅದು ಬಂದೇ ಇಲ್ಲ.

ಡಿಸ್ಕ್ ಕಾಣದಿದ್ದರೆ

ಎಲ್ಲ ಪಾಸಾಗಿ ಇನ್‌ಸ್ಟಾಲರ್ ತೆರೆದರೆ ಡಿಸ್ಕಿನ ಪಟ್ಟಿಯಲ್ಲಿ ಪೆನ್‌ಡ್ರೈವ್ ಒಂದೇ ಇರುವುದುಂಟು. ಎಲ್‌ಎಸ್‌ಬಿಎಲ್‌ಕೆ ಆಜ್ಞೆ ಕೊಟ್ಟರೂ ಒಳಗಿನ ಎಸ್‌ಎಸ್‌ಡಿಯ ಎನ್‌ವಿಎಂಇ ಎಂಬ ಹೆಸರೇ ಇಲ್ಲ. ಹೆಚ್ಚಾಗಿ ಎಸ್‌ಎಸ್‌ಡಿ ಕೆಟ್ಟಿರುವುದಿಲ್ಲ, ಬಯಾಸ್ ಅದನ್ನು ಇಂಟೆಲ್ ಆರ್‌ಎಸ್‌ಟಿಯ ರೇಡ್ ಮೋಡಿನ ಹಿಂದೆ ಅಡಗಿಸಿದೆ. ಡಿಸ್ಕಿನ ಮೋಡನ್ನು ಎಎಚ್‌ಸಿಐಗೆ ಬದಲಾಯಿಸಬೇಕು. ಎಷ್ಟೋ ಏಸರ್‌ಗಳಲ್ಲಿ ಆ ಆಯ್ಕೆ ಕಾಣಿಸುವುದೇ ಇಲ್ಲ, ಬಯಾಸಿನ ಮೇನ್ ಪುಟದಲ್ಲಿ ಕಂಟ್ರೋಲ್ ಎಸ್ ಒತ್ತಿದ ಮೇಲೆ ಮೂಡುತ್ತದೆ. ಆದರೆ ಸುಮ್ಮನೆ ಬದಲಾಯಿಸಿದರೆ ವಿಂಡೋಸ್ ನೀಲಿ ಪರದೆಯಲ್ಲಿ ಬೀಳುತ್ತದೆ. ಮೊದಲು ವಿಂಡೋಸಿನ ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಆನ್ ಮಾಡಿ, ರೀಸ್ಟಾರ್ಟ್ ಆಗುವಾಗ ಬಯಾಸಿಗೆ ಹೋಗಿ ಮೋಡ್ ಬದಲಾಯಿಸಿ, ವಿಂಡೋಸ್ ಒಮ್ಮೆ ಸೇಫ್ ಮೋಡಿನಲ್ಲಿ ಏಳಲಿ. ಆಮೇಲೆ ಸೇಫ್ ಬೂಟ್ ತೆಗೆದರೆ ಮಾಮೂಲಿನಂತೆ ಬರುತ್ತದೆ. ಬಿಟ್‌ಲಾಕರ್ ಕೀ ಇಲ್ಲೂ ಬೇಕಾಗುತ್ತದೆ.

ಪರೀಕ್ಷೆ ಮುಗಿಸಿ ವಿಂಡೋಸಿಗೆ ಮರಳಿದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಇದ್ದರೆ ಗಾಬರಿ ಬೇಡ. ಲಿನಕ್ಸ್ ಒಳಗಿನ ಗಡಿಯಾರವನ್ನು ಜಾಗತಿಕ ಸಮಯ ಎಂದುಕೊಳ್ಳುತ್ತದೆ, ವಿಂಡೋಸ್ ಸ್ಥಳೀಯ ಸಮಯ ಎಂದು. ಇಂಟರ್ನೆಟ್ಟಿನಿಂದ ಸಮಯ ಹೊಂದಿಸಿದರೆ ಸರಿಹೋಗುತ್ತದೆ.

ಲ್ಯಾಪ್‌ಟಾಪಿನ ವಿಂಡೋಸ್ ಮುಟ್ಟದೆ ಹೊರಗಿನ ಎಸ್‌ಎಸ್‌ಡಿಗೆ ಇನ್‌ಸ್ಟಾಲ್ ಮಾಡಿ ಒಂದು ತಿಂಗಳು ಬಳಸಿ ನೋಡುತ್ತೇನೆ ಎನ್ನುವವರಿದ್ದಾರೆ, ಒಳ್ಳೆಯ ಯೋಚನೆ. ಆದರೆ ಮಿಂಟ್ 22ರ ಇನ್‌ಸ್ಟಾಲರಿಗೆ ಒಂದು ಕೆಟ್ಟ ಚಾಳಿ ಉಂಟು: ಬೂಟ್‌ಲೋಡರನ್ನು ಹೊರಗಿನ ಡಿಸ್ಕಿಗೆ ಹಾಕು ಎಂದು ನೀವು ಆರಿಸಿದರೂ ಅದು ಒಳಗಿನ ಡಿಸ್ಕಿನ ಬೂಟ್ ಫೈಲುಗಳಿರುವ ಇಎಫ್ಐ ವಿಭಾಗಕ್ಕೇ ಹಾಕಿಬಿಡುತ್ತದೆ. ಹೊರಗಿನದನ್ನು ಕಿತ್ತ ಮೇಲೆ ವಿಂಡೋಸಿನ ಬದಲು ಲಿನಕ್ಸಿನ ಬೂಟ್‌ಲೋಡರ್ ಗ್ರಬ್‌ನ ಕಪ್ಪು ಪರದೆ ಎದುರಾಗುತ್ತದೆ. ಇನ್‌ಸ್ಟಾಲರ್ ತೆರೆಯುವ ಮೊದಲು ಡಿಸ್ಕಿನ ವಿಭಾಗಗಳನ್ನು ಹೊಂದಿಸುವ ಜಿಪಾರ್ಟೆಡ್‌ನಲ್ಲಿ ಒಳಗಿನ ಇಎಫ್ಐ ವಿಭಾಗದ ಬೂಟ್, ಇಎಸ್‌ಪಿ ಎಂಬ ಎರಡು ಗುರುತುಗಳನ್ನು ತೆಗೆದಿಡಿ, ಹೊರಗಿನ ಡಿಸ್ಕಿನಲ್ಲಿ 300 ಎಂಬಿಯ ಒಂದು ಹೊಸ ಇಎಫ್ಐ ವಿಭಾಗ ಮಾಡಿ. ಕೆಲಸ ಮುಗಿದ ಮೇಲೆ ಒಳಗಿನದರ ಗುರುತುಗಳನ್ನು ಮತ್ತೆ ಹಾಕಿ. ಹಾಕಲು ಮರೆತರೆ ವಿಂಡೋಸ್ ಮುಂದಿನ ದೊಡ್ಡ ಅಪ್‌ಡೇಟಿಗೆ ತಕರಾರು ತೆಗೆಯಬಹುದು.